ಮೊದಲು ಗಿಡ, ಆಮೇಲೆ ಹುಳ: ದಾವಣಗೆರೆ, ಚಿತ್ರದುರ್ಗದ ಎಲೆದುಂಬಿಗಳನ್ನು ಗುರುತಿಸುವುದು ಹೇಗೆ?

ಮುಂಗಾರು ಹಿಡಿದು ಎರಡು ವಾರ ಆಗುವಷ್ಟರಲ್ಲಿ ಓದುಗರಿಂದ ಫೋಟೋಗಳು ಬರಲು ಶುರುವಾಗುತ್ತವೆ. ಅಂಗೈ ಮೇಲೆ ಒಂದು ಹುಳ. ಕೆಂಪಗಿರುತ್ತದೆ, ಇಲ್ಲ ನೀಲಿ ಹೊಳಪು, ಇಲ್ಲ ಮೈತುಂಬ ಗೆರೆ. ಕೆಳಗೆ ಒಂದೇ ಪ್ರಶ್ನೆ: "ಇದು ಯಾವ ಹುಳ? ಔಷಧಿ ಹೊಡೀಬೇಕಾ?" ಹೊಲದವರು ಕೇಳುತ್ತಾರೆ, ತಾರಸಿಯಲ್ಲಿ ನಾಲ್ಕು ಕುಂಡ ಇಟ್ಟವರು ಕೇಳುತ್ತಾರೆ, ಮಕ್ಕಳ ಪ್ರಾಜೆಕ್ಟಿಗೆ ಅಂತ ಮೇಷ್ಟ್ರುಗಳೂ ಕೇಳುತ್ತಾರೆ.

ಎಲ್ಲರಿಗೂ ನಾನು ಮೊದಲು ಕೇಳುವುದು ಒಂದೇ: ಅದು ಯಾವ ಗಿಡದ ಮೇಲಿತ್ತು? ಹುಳವನ್ನು ಗಿಡದಿಂದ ಕಿತ್ತು ಅಂಗೈ ಮೇಲೆ ಇಟ್ಟುಕೊಂಡ ಕೂಡಲೇ ಅರ್ಧ ಗುರುತು ಕಳೆದುಹೋಗುತ್ತದೆ. ಎಲೆದುಂಬಿಗಳಲ್ಲಿ ಬಹುಪಾಲು ಜಾತಿಗಳು ಸಿಕ್ಕಿದ್ದೆಲ್ಲ ತಿನ್ನುವುದಿಲ್ಲ. ಒಂದೇ ಗಿಡ, ಇಲ್ಲವೇ ಒಂದಕ್ಕೊಂದು ನೆಂಟಸ್ತಿಕೆ ಇರುವ ನಾಲ್ಕಾರು ಗಿಡ, ಅಷ್ಟೇ ಅವುಗಳ ಊಟ. ಹಾಗಾಗಿ ಗಿಡದ ಹೆಸರು ಗೊತ್ತಾದರೆ ಹುಳದ ಹೆಸರು ತುಂಬಾ ಹತ್ತಿರ ಬಂದಂತೆ.

ಹೆಸರಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ದುಂಬಿ ಅಂದರೆ ಹೂವಿನ ಸುತ್ತ ಗುಂಯ್‌ಗುಡುವ ಕರಿ ಜೇನಿನಂಥ ಹುಳವೂ ಹೌದು, ಗಟ್ಟಿ ಚಿಪ್ಪಿನ ಹುಳವೂ ಹೌದು. ಕೃಷಿ ಇಲಾಖೆಯವರು ಚಿಪ್ಪಿನ ಹುಳಕ್ಕೆ ದುಂಬಿ ಅಂತಲೇ ಬರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಎಲೆದುಂಬಿ ಅಂದರೆ ಕ್ರೈಸೊಮೆಲಿಡೇ ಎಂಬ ಕುಟುಂಬದ ದುಂಬಿಗಳು. ಕುಟುಂಬ ಅಂದರೆ ಒಂದೇ ಮೂಲದಿಂದ ಬಂದ ಜಾತಿಗಳ ದೊಡ್ಡ ಗುಂಪು. ಪ್ರಪಂಚದಲ್ಲಿ ಈ ಕುಟುಂಬದ 35,000ಕ್ಕೂ ಹೆಚ್ಚು ಜಾತಿಗಳಿಗೆ ವಿಜ್ಞಾನಿಗಳು ಹೆಸರಿಟ್ಟಿದ್ದಾರೆ. ದುಂಬಿಗಳಲ್ಲೇ ಅತಿ ದೊಡ್ಡ ಕುಟುಂಬಗಳಲ್ಲಿ ಇದೂ ಒಂದು. ಕುಂಬಳದ ಕೆಂಪು ಹುಳ, ಭತ್ತದ ಮುಳ್ಳು ಹುಳ, ಗೆಣಸಿನ ಎಲೆ ಮೇಲಿನ ಬಂಗಾರದ ಹುಳ, ನಿಮ್ಮ ಮನೆಯ ಅಲಸಂದೆ ಡಬ್ಬಿಯಲ್ಲಿ ಓಡಾಡುವ ಹುಳ, ಎಲ್ಲವೂ ಇದೇ ಮನೆತನದವು.

ಏನೇನು ಬೇಕು

ದುಬಾರಿ ಸಾಮಾನು ಏನೂ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಕೈಮಸೂರ, ಅಂದರೆ ಮಡಚುವ ಚಿಕ್ಕ ಭೂತಗನ್ನಡಿ. ಮೊಬೈಲ್. ಮಕ್ಕಳ ಜ್ಯಾಮಿಟ್ರಿ ಡಬ್ಬಿಯ ಸ್ಕೇಲ್. ಒಂದು ನೋಟ್‌ಬುಕ್, ಪೆನ್ಸಿಲ್ (ಪೆನ್ ಬೇಡ, ಮಳೆಯಲ್ಲಿ ಶಾಯಿ ಕದಡುತ್ತದೆ). ಒಂದು ಬಿಳಿ ಪಂಚೆ ಅಥವಾ ತಿಳಿ ಬಣ್ಣದ ಹಳೇ ಛತ್ರಿ. ಮೃದುವಾದ ಪೇಂಟಿಂಗ್ ಬ್ರಷ್. ಮುಚ್ಚಳ ತೆಗೆದು ಬಟ್ಟೆ ಕಟ್ಟಬಹುದಾದ ಎರಡು ಪ್ಲಾಸ್ಟಿಕ್ ಡಬ್ಬಿ. ಕೈಮಸೂರ ಇಲ್ಲದಿದ್ದರೆ ಅದಕ್ಕಾಗಿ ಕಾಯಬೇಡಿ. ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೂ ಬೇಕಾದಷ್ಟು ಕಾಣುತ್ತದೆ.

1. ಯಾವಾಗ, ಎಲ್ಲಿ ಹುಡುಕಬೇಕು

ಬೇಸಿಗೆಯಲ್ಲಿ ಹುಡುಕಿ "ನಮ್ಮ ಕಡೆ ಎಲೆದುಂಬಿಯೇ ಇಲ್ಲ" ಅನ್ನುವವರು ಬಹಳ ಜನ. ನಮ್ಮದು ಒಣ ಸೀಮೆ. ಎಲೆ ಇಲ್ಲದ ಕಾಲದಲ್ಲಿ ಇವುಗಳಲ್ಲಿ ಹಲವು ಮಣ್ಣಿನೊಳಗೆ ಸೇರಿ ಏನೂ ತಿನ್ನದೆ ಮಲಗಿರುತ್ತವೆ. ರೋಹಿಣಿ, ಮೃಗಶಿರ ಮಳೆ ಬಿದ್ದು ನೆಲ ಹಸಿಯಾದ ಮೇಲೆ ಮೇಲೇಳುತ್ತವೆ. ಆರಿದ್ರದಿಂದ ಹಿಡಿದು ಹಿಂಗಾರಿನ ಹಸ್ತ, ಚಿತ್ತೆವರೆಗೆ ಒಳ್ಳೆಯ ಕಾಲ.

ಬೆಳಿಗ್ಗೆ ಏಳರಿಂದ ಒಂಬತ್ತು ಗಂಟೆ ಒಳಗೆ ಹೋಗಿ. ಆಗ ಮೈ ತಣ್ಣಗಿರುವುದರಿಂದ ಹುಳ ಚುರುಕಾಗಿ ಹಾರುವುದಿಲ್ಲ. ಬಿಸಿಲೇರಿದ ಮೇಲೆ ನೆರಳು ಬಿದ್ದರೂ ಸಾಕು, ಕೈಕಾಲು ಮಡಚಿ ನೆಲಕ್ಕೆ ಬಿದ್ದು ಸತ್ತಂತೆ ನಟಿಸುತ್ತವೆ. ಹುಲ್ಲಿನಲ್ಲಿ ಬಿದ್ದರೆ ಮತ್ತೆ ಸಿಗುವುದಿಲ್ಲ. ಅದಕ್ಕೇ ಎಲೆ ಮುಟ್ಟುವ ಮೊದಲು ಕೆಳಗೆ ಪಂಚೆ ಹಿಡಿಯಿರಿ, ಇಲ್ಲ ಛತ್ರಿ ತಲೆಕೆಳಗು ಮಾಡಿ ಹಿಡಿಯಿರಿ.

ಜಾಗಕ್ಕೆ ದೂರ ಹೋಗಬೇಕಿಲ್ಲ. ಹಿತ್ತಲಿನ ಬೇಲಿ, ಹೊಲದ ಬದು, ಭದ್ರಾ ಚಾನಲ್ ದಂಡೆ, ಕುಂದವಾಡ ಕೆರೆ ಏರಿ, ಕೊಂಡಜ್ಜಿ ಕೆರೆ ಅಂಚು, ಸೂಳೆಕೆರೆ ಸುತ್ತಲಿನ ಪೊದೆ, ಹಿರಿಯೂರಿನ ವಾಣಿವಿಲಾಸ ಸಾಗರದ ಕೆಳಗಿನ ತೋಟ, ಎಲ್ಲ ಕಡೆ ಸಿಗುತ್ತವೆ. ಒಂದೇ ಬದುವಿಗೆ ವಾರಕ್ಕೊಮ್ಮೆ ಹೋಗುವುದು ಹತ್ತು ಊರು ಸುತ್ತುವುದಕ್ಕಿಂತ ಒಳ್ಳೆಯದು. ಹಾಗೆ ಮಾಡಿದರೆ ಮೊಟ್ಟೆ, ಮರಿ, ದೊಡ್ಡ ಹುಳ ಮೂರನ್ನೂ ನೋಡುತ್ತೀರಿ.

ಎಚ್ಚರ: ಜೋಗಿಮಟ್ಟಿ, ಜಗಳೂರಿನ ರಂಗಯ್ಯನದುರ್ಗದಂಥ ಕಾಡುಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಯಾವ ಹುಳವನ್ನೂ ಹಿಡಿಯಬಾರದು. ಔಷಧಿ ಹೊಡೆದ ಹೊಲಕ್ಕೆ ಕೆಲವು ದಿನ ಇಳಿಯಬೇಡಿ, ಯಾರ ಹೊಲವೋ ಅವರನ್ನು ಕೇಳಿಯೇ ಇಳಿಯಿರಿ. ಬದುವಿನ ಪೊದೆಗೆ ಕೈ ಹಾಕುವ ಮುಂಚೆ ಕೋಲಿನಿಂದ ಅಲುಗಿಸಿ ನೋಡಿ.

2. ಗಿಡ ಗುರುತಿಸಿ

ಹುಳ ಕಂಡ ತಕ್ಷಣ ಹುಳದ ಕಡೆ ಓಡಬೇಡಿ. ಗಿಡ ಯಾವುದು ಅಂತ ಬರೆದುಕೊಳ್ಳಿ. ಊರಿನ ಹೆಸರು ಸಾಕು. ಗೊತ್ತಿಲ್ಲದ ಗಿಡವಾದರೆ ಹೂವು, ಎಲೆಯ ಮೇಲುಭಾಗ, ಕೆಳಭಾಗ, ಇಡೀ ಗಿಡ, ಹೀಗೆ ನಾಲ್ಕು ಫೋಟೋ ತೆಗೆಯಿರಿ. ಊರಲ್ಲಿ ಕುರಿ ಮೇಯಿಸುವ ಹಿರಿಯರಿದ್ದರೆ ಅವರನ್ನು ಕೇಳಿ. ಎಷ್ಟೋ ಸಲ ಅವರ ಹತ್ತಿರ ಸಿಗುವ ಉತ್ತರ ಮೊಬೈಲ್ ಆ್ಯಪ್ ಹೇಳುವುದಕ್ಕಿಂತ ಸರಿಯಾಗಿರುತ್ತದೆ.

ಇಲ್ಲಿ ಒಂದು ತಪ್ಪು ಆಗುತ್ತದೆ. ಹುಳ ಎಲೆ ಮೇಲೆ ಕೂತಿದ್ದರೆ ಅದನ್ನೇ ತಿನ್ನುತ್ತಿದೆ ಅಂತಲ್ಲ. ಹಾರಿ ಬಂದು ಸುಮ್ನೆ ಕೂತಿರಬಹುದು. ಐದು ನಿಮಿಷ ಅಲುಗಾಡದೆ ನಿಂತು ನೋಡಿ. ಬಾಯಿ ಆಡಿಸುತ್ತಿದೆಯಾ, ಹತ್ತಿರದಲ್ಲಿ ಹೊಸ ಕಡಿತ ಇದೆಯಾ, ಅದೇ ಗಿಡದ ಮೇಲೆ ಇನ್ನೂ ಒಂದೆರಡು ಇವೆಯಾ? ಮೂರಕ್ಕೂ ಹೌದು ಅಂದರೆ "ತಿನ್ನುತ್ತಿತ್ತು" ಅಂತ ಬರೆಯಿರಿ. ಇಲ್ಲದಿದ್ದರೆ "ಕೂತಿತ್ತು" ಅಂತ ಬರೆಯಿರಿ. ಈ ಎರಡು ಪದಗಳ ವ್ಯತ್ಯಾಸಕ್ಕೆ ಬಹಳ ಬೆಲೆ ಇದೆ. ಯಾಕೆ ಅಂತ ಪಾರ್ಥೇನಿಯಂ ದುಂಬಿಯ ಮಾತು ಬಂದಾಗ ಹೇಳುತ್ತೇನೆ.

3. ಕಡಿತ ಓದಿ

ಹುಳ ಹಾರಿಹೋದರೂ ಅದು ಬಿಟ್ಟ ಗುರುತು ಎಲೆ ಮೇಲೆ ಉಳಿದಿರುತ್ತದೆ.

ಸೌತೆ, ಕುಂಬಳ, ಹೀರೆ ಎಲೆಯಲ್ಲಿ ದುಂಡಗೆ ಕತ್ತರಿಸಿದಂಥ ತೂತು ಇದ್ದರೆ ಕೆಂಪು ಕುಂಬಳ ದುಂಬಿ ಇರಬಹುದು. ಭತ್ತದ ಎಲೆಯಲ್ಲಿ ಉದ್ದಕ್ಕೆ ಸಾಲಾಗಿ ಬಿಳಿ ಗೀಟು ಇದ್ದರೆ ಹಿಸ್ಪ ದುಂಬಿ. ಅದು ಎಲೆಯ ಮೇಲಿನ ಹಸಿರನ್ನು ಕೆರೆದು, ಕೆಳಗಿನ ಪೊರೆ ಬಿಟ್ಟಿರುತ್ತದೆ. ಬೆಂಡೆ, ಮೂಲಂಗಿ ಎಲೆಯಲ್ಲಿ ಗುಂಡುಸೂಜಿ ಚುಚ್ಚಿದ ಹಾಗೆ ಹತ್ತಾರು ಸಣ್ಣ ತೂತು ಇದ್ದರೆ ಅದು ಚಿಮ್ಮು ದುಂಬಿಯ ಕೆಲಸ. ಚಿಗಟದ ಹಾಗೆ ಟಕ್ ಅಂತ ಹಾರುವ ಚಿಕ್ಕ ಎಲೆದುಂಬಿ ಅದು.

ಎಲೆಯ ಅಂಚಿನಿಂದ ಒಳಕ್ಕೆ ತಿಂದು, ಕೆಳಗಿನ ಎಲೆ ಮೇಲೆ ದಪ್ಪ ಹಿಕ್ಕೆ ಬಿದ್ದಿದ್ದರೆ ಹೆಚ್ಚಾಗಿ ಚಿಟ್ಟೆ, ಪತಂಗದ ಕಂಬಳಿಹುಳ. ಬದನೆ ಎಲೆಯ ಹಸಿರನ್ನೆಲ್ಲ ಕೆರೆದು ಜರಡಿ ಹಾಗೆ ಮಾಡಿದ್ದರೆ ಅದು ಎಲೆದುಂಬಿ ಅಲ್ಲವೇ ಅಲ್ಲ, ಮುಂದೆ ಹೇಳುತ್ತೇನೆ.

ಕುಂಬಳದ ಆ ದುಂಡು ತೂತಿನ ಹಿಂದೆ ಒಂದು ಸೊಗಸಾದ ಕಾರಣ ಇದೆ. ಕುಂಬಳ ಜಾತಿಯ ಗಿಡಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ಇದೆ. ಎಲೆ ಕಚ್ಚಿದರೆ ಗಿಡ ಆ ಜಾಗಕ್ಕೆ ಕಹಿ ರಸ ಕಳಿಸುತ್ತದೆ. ಈ ಗುಂಪಿನ ಕೆಲವು ದುಂಬಿಗಳು ಮೊದಲು ಎಲೆಯಲ್ಲಿ ಒಂದು ಸುತ್ತು ಕಾಲುವೆ ಹಾಗೆ ಕೊರೆದು ರಸದ ದಾರಿ ಕಡಿಯುತ್ತವೆ, ಆಮೇಲೆ ಒಳಗಿನ ವೃತ್ತವನ್ನು ನೆಮ್ಮದಿಯಾಗಿ ತಿನ್ನುತ್ತವೆ. ಬೇರೆ ಹುಳಗಳನ್ನು ಓಡಿಸುವ ಅದೇ ಕಹಿ ಈ ಗುಂಪಿಗೆ "ಇದೇ ನಿನ್ನ ಗಿಡ" ಅಂತ ಹೇಳುವ ಗುರುತೂ ಆಗಿದೆ. ಬೆಳಿಗ್ಗೆ ಬೇಗ ಹೋದರೆ ಕೊರೆಯುವುದನ್ನು ಕಣ್ಣಾರೆ ನೋಡಬಹುದು. ದಯವಿಟ್ಟು ಒಮ್ಮೆ ನೋಡಿ.

4. ಎಲೆದುಂಬಿ ಹೌದೋ ಅಲ್ಲವೋ ಖಚಿತ ಮಾಡಿ

ಮೊದಲು ದುಂಬಿಯೇ ಹೌದಾ ನೋಡಿ. ದುಂಬಿಯ ಮೇಲಿನ ಜೋಡಿ ರೆಕ್ಕೆ ಗಟ್ಟಿ ಚಿಪ್ಪಾಗಿರುತ್ತದೆ. ಎರಡು ಚಿಪ್ಪು ಬೆನ್ನ ನಡುವೆ ನೇರ ಗೆರೆಯಲ್ಲಿ ಸೇರುತ್ತವೆ. ಬೆನ್ನ ಮೇಲೆ ತ್ರಿಕೋನ, ಅದರ ಹಿಂದೆ ಒಂದರ ಮೇಲೊಂದು ಕೂತ ರೆಕ್ಕೆ ಕಂಡರೆ ಅದು ತಿಗಣೆ ಜಾತಿ. ತಿಗಣೆ ಕಚ್ಚಿ ತಿನ್ನುವುದಿಲ್ಲ, ರಸ ಹೀರುತ್ತದೆ.

ಆಮೇಲೆ ಮೀಸೆ. ಎಲೆದುಂಬಿಯ ಮೀಸೆ ಸಾಮಾನ್ಯವಾಗಿ ದಾರದ ಹಾಗೆ, ಮೈಯ ಅರ್ಧಕ್ಕಿಂತ ಕಡಿಮೆ ಉದ್ದ. ಮೀಸೆ ಮೈಗಿಂತ ಉದ್ದ ಇದ್ದರೆ ಅದು ಮರ ಕೊರೆಯುವ ಉದ್ದಮೀಸೆ ದುಂಬಿ. ಅದು ಎಲೆದುಂಬಿಯ ದಾಯಾದಿ. ಮೂತಿ ಸೊಂಡಿಲಿನ ಹಾಗೆ ಮುಂದೆ ಚಾಚಿದ್ದರೆ ಸೊಂಡಿಲು ಹುಳ, ಅದೂ ಬೇರೆ.

ಕೈಮಸೂರ ಇದ್ದರೆ ಪಾದ ನೋಡಿ. ಎಲೆದುಂಬಿಯ ಪಾದದಲ್ಲಿ ಐದು ಗೆಣ್ಣು ಇವೆ, ಆದರೆ ಕಾಣುವುದು ನಾಲ್ಕೇ. ಮೂರನೆಯದು ಹೃದಯದ ಆಕಾರದಲ್ಲಿ ಅಗಲವಾಗಿದ್ದು, ಚಿಕ್ಕ ನಾಲ್ಕನೆಯದು ಅದರ ಸಂದಿಯಲ್ಲಿ ಅಡಗಿರುತ್ತದೆ. ಪಾದದ ಅಡಿಯಲ್ಲಿ ಒತ್ತಾದ ರೋಮದ ಮೆತ್ತೆ ಇದೆ. ನುಣುಪು ಎಲೆಯ ಕೆಳಗೆ ತಲೆಕೆಳಗಾಗಿ ನಡೆದರೂ ಬೀಳದಿರುವುದು ಅದರಿಂದಲೇ.

ಜನ ಹೆಚ್ಚು ಮೋಸ ಹೋಗುವ ಜಾಗಗಳು ಎರಡು.

ಒಂದು, ಗುಲಗಂಜಿ ಹುಳ. ದುಂಡಗೆ, ಬೆನ್ನ ಮೇಲೆ ಚುಕ್ಕೆ ಇರುವ ಈ ದುಂಬಿಯ ಮೀಸೆ ಬಹಳ ಗಿಡ್ಡ, ತುದಿ ಗದೆಯ ಹಾಗೆ ದಪ್ಪ. ಬಹುತೇಕ ಗುಲಗಂಜಿ ಹುಳಗಳು ಗಿಡದ ರಸ ಹೀರುವ ಸಸ್ಯಹೇನು ತಿಂದು ರೈತನಿಗೆ ಉಪಕಾರ ಮಾಡುತ್ತವೆ. ಆದರೆ ಅವುಗಳಲ್ಲೇ ಎಪಿಲಾಕ್ನ ಗುಂಪಿನವು ಎಲೆ ತಿನ್ನುತ್ತವೆ. ಬದನೆ ಎಲೆ ಜರಡಿ ಮಾಡುವ 28 ಚುಕ್ಕೆಯ ಹುಳ ಅದೇ. ಎಲೆ ತಿಂದಿತು ಅಂತ ಎಲೆದುಂಬಿ ಅನ್ನಬೇಡಿ. ಚುಕ್ಕೆ ಇದೆ ಅಂತ ಎಲ್ಲ ಗುಲಗಂಜಿ ಹುಳವನ್ನೂ ಕೊಲ್ಲಬೇಡಿ.

ಎರಡನೆಯದು ಬೊಬ್ಬೆ ದುಂಬಿ. ತೊಗರಿ, ಅಲಸಂದೆ ಹೂವಿನಲ್ಲಿ ಕೂತು ಹೂವನ್ನೇ ತಿನ್ನುತ್ತದೆ. ಉದ್ದನೆಯ ಮೈ, ಕಪ್ಪು ಬಣ್ಣಕ್ಕೆ ಕಿತ್ತಳೆ ಅಥವಾ ಹಳದಿ ಪಟ್ಟೆ. ನೋಡಲು ಚೆಂದ, ಆದರೆ ಬರಿಗೈಯಲ್ಲಿ ಹಿಡಿಯಬೇಡಿ. ಅದರ ಮೈಯ ರಸದಲ್ಲಿ ಕ್ಯಾಂಥರಿಡಿನ್ ಎಂಬ ವಿಷ ಇದೆ, ಚರ್ಮ ಬೊಬ್ಬೆ ಏಳುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟ್ರುಗಳು ಮೊದಲ ದಿನವೇ ಇದರ ಫೋಟೋ ತೋರಿಸಿಬಿಡಿ. ಗೊತ್ತಿಲ್ಲದ ಯಾವ ಹುಳವನ್ನಾದರೂ ಬ್ರಷ್‌ನಿಂದಲೇ ಡಬ್ಬಿಗೆ ತಳ್ಳುವ ಅಭ್ಯಾಸ ಮಾಡಿಸಿ.

5. ಯಾವ ಒಳಗುಂಪು?

ಜಾತಿಯ ಹೆಸರಿಗೆ ಆತುರ ಬೇಡ. ಒಳಗುಂಪು ಗೊತ್ತಾದರೆ ಸಾಕಷ್ಟು ಗೊತ್ತಾದಂತೆ. ನಮ್ಮ ಎರಡು ಜಿಲ್ಲೆಗಳಲ್ಲಿ ಸುಲಭವಾಗಿ ಕಾಣುವವನ್ನು ಹೇಳುತ್ತೇನೆ.

ಪಾರ್ಥೇನಿಯಂ ದುಂಬಿಯಿಂದ ಶುರು ಮಾಡಿ. ನಮ್ಮವರು ಕಾಂಗ್ರೆಸ್ ಗಿಡ ಅನ್ನುವ ಪಾರ್ಥೇನಿಯಂ ರಸ್ತೆ ಬದಿಯಲ್ಲೆಲ್ಲ ಇದೆ. ಅದರ ಮೇಲೆ 6 ಮಿಲಿಮೀಟರ್ ಆಸುಪಾಸಿನ, ಕೆನೆ ಬಣ್ಣದ ಚಿಪ್ಪಿಗೆ ಕಂದು ಗೆರೆ ಎಳೆದಂಥ ದುಂಬಿ ಕಂಡರೆ ಅದು ಜೈಗೋಗ್ರಾಮ ಬೈಕಲರೇಟ. ಊರು ಮೆಕ್ಸಿಕೊ. ಪಾರ್ಥೇನಿಯಂ ಹತೋಟಿಗೆ ಅಂತಲೇ 1983ರಲ್ಲಿ ಬೆಂಗಳೂರಿಗೆ ತರಿಸಿ, ಪರೀಕ್ಷೆ ಮಾಡಿ, 1984ರಲ್ಲಿ ಹೊರಗೆ ಬಿಟ್ಟರು. ಅಲ್ಲಿಂದ ಹರಡಿತು. ಮಳೆಗಾಲದಲ್ಲಿ ಎಲೆಯ ಕೆಳಗೆ ಹಳದಿ ಮೊಟ್ಟೆ ಇಡುತ್ತದೆ. ಮರಿಗಳು ಚಿಗುರು ತಿಂದು ಬೆಳೆದು ಮಣ್ಣಿಗಿಳಿದು ಕೋಶವಾಗುತ್ತವೆ. ಕೋಶ ಅಂದರೆ ಮರಿ ದೊಡ್ಡ ಹುಳವಾಗುವ ನಡುವಿನ ಹಂತ. ಮಳೆ ನಿಂತ ಮೇಲೆ ದೊಡ್ಡ ದುಂಬಿಗಳು ಮಣ್ಣೊಳಗೆ ತಿಂಗಳುಗಟ್ಟಲೆ ಮಲಗುತ್ತವೆ.

"ತಿನ್ನುತ್ತಿತ್ತು", "ಕೂತಿತ್ತು" ಅಂದೆನಲ್ಲ, ಅದು ಇಲ್ಲಿಗೆ ಬರುತ್ತದೆ. ಈ ದುಂಬಿ ಸೂರ್ಯಕಾಂತಿ ಎಲೆ ಮೇಲೂ ಕಂಡಾಗ ಬೆಳೆಗಾರರಿಗೆ ಗಾಬರಿಯಾಯಿತು. ಸೂರ್ಯಕಾಂತಿ, ಪಾರ್ಥೇನಿಯಂ ಎರಡೂ ಒಂದೇ ಕುಟುಂಬದ ಗಿಡಗಳು, ಗಾಬರಿ ಸಹಜವೇ. ಆಮೇಲೆ ಪರೀಕ್ಷೆ ಮಾಡಿದಾಗ, ಪಾರ್ಥೇನಿಯಂ ಪರಾಗ ಹಾರಿಬಂದು ಸೂರ್ಯಕಾಂತಿ ಎಲೆ ಮೇಲೆ ಬಿದ್ದರೆ ಆ ವಾಸನೆ, ರುಚಿಗೆ ಹುಳ ಎಲೆ ಕಚ್ಚುತ್ತದೆ ಎಂಬುದು ತಿಳಿಯಿತು. ಹೊಲದ ಸುತ್ತ ಪಾರ್ಥೇನಿಯಂ ಇಲ್ಲದಂತೆ ನೋಡಿಕೊಳ್ಳುವುದೇ ಅದಕ್ಕೆ ದಾರಿ.

ಕುಂಬಳದ ಕೆಂಪು ದುಂಬಿ, ಔಲಾಕೋಫೊರ ಫೊವಿಕಾಲಿಸ್. 6ರಿಂದ 8 ಮಿಲಿಮೀಟರ್. ಮೇಲೆ ಕಿತ್ತಳೆಗೆಂಪು, ಹೊಟ್ಟೆಯ ಕಡೆ ಕಪ್ಪು. ಇದರ ಹತ್ತಿರದ ನೆಂಟ ಒಂದಕ್ಕೆ ನೀಲಿಗಪ್ಪು ಚಿಪ್ಪು ಇದೆ, ಬೇರೆ ಗುಂಪಿನ ಹುಳ ಅಂದುಕೊಳ್ಳಬೇಡಿ. ದೊಡ್ಡ ಹುಳ ಎಲೆ ತಿನ್ನುತ್ತದೆ. ಮೊಟ್ಟೆ ಇಡುವುದು ಬುಡದ ಹಸಿ ಮಣ್ಣಿನಲ್ಲಿ. ಮರಿ ಬೇರು ತಿನ್ನುತ್ತದೆ, ನೆಲಕ್ಕೆ ತಾಗಿದ ಕಾಯಿಯನ್ನೂ ಕೊರೆಯುತ್ತದೆ. ಎಲೆ ಮೇಲಿನ ಹುಳ ಆರಿಸಿದರೂ ಬಳ್ಳಿ ಬಾಡಿತು ಅಂತ ಬರೆಯುವವರು ಬುಡದ ಮಣ್ಣು ಕೆದಕಿ ನೋಡಿ. ಹಾಗಲಕಾಯಿ ಬಳ್ಳಿಗೆ ಇದರ ಕಾಟ ಕಡಿಮೆ.

ಆಮೆ ದುಂಬಿ ನನಗೆ ಎಲ್ಲಕ್ಕಿಂತ ಇಷ್ಟದ ಗುಂಪು. ಚಿಪ್ಪಿನ ಅಂಚು ಗಾಜಿನಂತೆ ಪಾರದರ್ಶಕವಾಗಿ ಹೊರಗೆ ಚಾಚಿ, ತಲೆ, ಕಾಲು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಇರುವೆ ಬಂದರೆ ಆಮೆಯ ಹಾಗೆ ಎಲೆಗೆ ಒತ್ತಿ ಕೂರುತ್ತದೆ. ಗೆಣಸಿನ ಬಳ್ಳಿ ಮೇಲೆ, ಕೆರೆ ಅಂಚಿನಲ್ಲಿ ತಿಳಿ ನೇರಳೆ ತುತ್ತೂರಿ ಹೂ ಬಿಡುವ ಐಪೋಮಿಯಾ ಪೊದೆ ಮೇಲೆ ಹುಡುಕಿ. ಐಪೋಮಿಯಾ ಮೇಲೆ ಕಪ್ಪು ಚುಕ್ಕೆಯ ದೊಡ್ಡ ಜಾತಿ ಆಸ್ಪಿಡಿಮೊರ್ಫ ಮಿಲಿಯಾರಿಸ್ ಸಿಗುತ್ತದೆ. ಕೆಲವು ಜಾತಿ ಬಂಗಾರದ ತಗಡಿನ ಹಾಗೆ ಹೊಳೆಯುತ್ತವೆ. ಆ ಹೊಳಪು ಬಣ್ಣದಿಂದ ಬಂದದ್ದಲ್ಲ, ಚಿಪ್ಪಿನ ಪದರಗಳಲ್ಲಿ ಇರುವ ದ್ರವದಿಂದ ಬಂದದ್ದು. ಹುಳ ಸತ್ತು ಒಣಗಿದರೆ ಬಂಗಾರ ಹೋಗಿ ಕಂದು ಉಳಿಯುತ್ತದೆ. ಆದ್ದರಿಂದ ಬದುಕಿರುವಾಗಲೇ ಫೋಟೋ ತೆಗೆಯಿರಿ, ಕೊಂದು ಡಬ್ಬಿಯಲ್ಲಿ ಇಟ್ಟರೆ ಬಂಗಾರ ಸಿಗುವುದಿಲ್ಲ.

ಇದರ ಮರಿಯನ್ನು ಜನ ಹಕ್ಕಿ ಹಿಕ್ಕೆ ಅಂದುಕೊಂಡು ಬಿಟ್ಟುಬಿಡುತ್ತಾರೆ. ಮರಿಯ ಬಾಲದಲ್ಲಿ ಕವಲು ಇರುತ್ತದೆ. ತಾನು ಕಳಚಿದ ಪೊರೆ, ಬಹಳ ಜಾತಿಗಳಲ್ಲಿ ಹಿಕ್ಕೆಯನ್ನೂ ಆ ಕವಲಿಗೆ ಸಿಕ್ಕಿಸಿ ಬೆನ್ನ ಮೇಲೆ ಛತ್ರಿಯಂತೆ ಹಿಡಿದಿರುತ್ತದೆ. ಬ್ರಷ್‌ನಿಂದ ಮುಟ್ಟಿ ನೋಡಿ, ಮುಟ್ಟಿದ ಕಡೆಗೇ ಆ ಗುರಾಣಿ ತಿರುಗಿಸುತ್ತದೆ.

ಮುಳ್ಳು ದುಂಬಿ, ಅಂದರೆ ಭತ್ತದ ಹಿಸ್ಪ, ಆಮೆ ದುಂಬಿಯ ಒಳಗುಂಪಿನದೇ. ಹೆಸರು ಡಿಕ್ಲಾಡಿಸ್ಪ ಆರ್ಮಿಜೆರ. ನೀಲಿಗಪ್ಪು ಮೈತುಂಬ ಮುಳ್ಳು. ಮರಿ ಎಲೆಯ ಎರಡು ಪದರದ ನಡುವೆ ಸುರಂಗ ಮಾಡಿಕೊಂಡು ಒಳಗೇ ತಿಂದು, ಒಳಗೇ ಕೋಶವಾಗುತ್ತದೆ. ಹರಿಹರ, ದಾವಣಗೆರೆ ಕಡೆಯ ಚಾನಲ್ ಭತ್ತದಲ್ಲಿ ಇದನ್ನು ಗಮನಿಸಿ. ಉಬ್ಬಿದ ಎಲೆಯನ್ನು ಸೂರ್ಯನ ಕಡೆ ಹಿಡಿದರೆ ಒಳಗಿನ ಮರಿ ನೆರಳಾಗಿ ಕಾಣುತ್ತದೆ.

ಮೆಕ್ಕೆಜೋಳ, ಶೇಂಗಾ ಎಲೆ ಮೇಲೆ ನಾಲ್ಕು ಬಿಳಿಚುಕ್ಕೆಯ ಪುಟ್ಟ ದುಂಬಿ ಕಂಡರೆ ಮೊನೊಲೆಪ್ಟ ಸಿಗ್ನೇಟ. ಚಿಮ್ಮು ದುಂಬಿಗಳ ಹಿಂದಿನ ತೊಡೆ ದಪ್ಪ, ಒಳಗೆ ಸ್ಪ್ರಿಂಗ್‌ನಂಥ ಅಂಗ ಇದೆ. ಎಕ್ಕೆ ಗಿಡದ ಮೇಲೆ ಲೋಹದಂತೆ ಹೊಳೆಯುವ ನೀಲಿ ದುಂಬಿ ಕಂಡರೆ ಪ್ಲಾಟಿಕೊರಿನಸ್ ಇರಬಹುದು. ಹಾಲಿನಂಥ ವಿಷರಸ ಇರುವ ಎಕ್ಕೆಯನ್ನು ತಿಂದು ಬದುಕುವ ಹುಳ ಅದು.

ಜಾಲಿ ಕೊಂಬೆಯ ಕೆಳಗೆ ಛತ್ರಿ ಹಿಡಿದು ತಟ್ಟಿದರೆ ಸಿಲಿಂಡರ್ ಆಕಾರದ ಚಿಕ್ಕ ದುಂಬಿಗಳು ಉದುರುತ್ತವೆ. ಈ ಗುಂಪಿನ ತಾಯಿ ಪ್ರತಿ ಮೊಟ್ಟೆಗೂ ತನ್ನ ಹಿಕ್ಕೆಯಿಂದಲೇ ಹಿಂಗಾಲಿನಲ್ಲಿ ಕವಚ ಕಟ್ಟುತ್ತಾಳೆ. ಮರಿ ಆ ಕವಚವನ್ನೇ ಮನೆ ಮಾಡಿಕೊಂಡು, ಬೆಳೆದ ಹಾಗೆ ಮನೆಯನ್ನೂ ಬೆಳೆಸಿಕೊಂಡು, ತರಗೆಲೆಯಲ್ಲಿ ಹೊತ್ತು ತಿರುಗುತ್ತದೆ.

ಕೊನೆಗೆ ಕಾಳಿನ ಹುಳ. ಎಲೆಯನ್ನೇ ಮುಟ್ಟದ ಎಲೆದುಂಬಿ! ಕ್ಯಾಲೊಸೊಬ್ರೂಕಸ್ ಇದರ ಹೆಸರು. ಮೊದಲು ಇದನ್ನು ಬೇರೆ ಕುಟುಂಬ ಅನ್ನುತ್ತಿದ್ದರು, ಈಗ ಎಲೆದುಂಬಿಗಳ ಒಳಗುಂಪು ಅಂತ ಒಪ್ಪಿದ್ದಾರೆ. ಚಿಪ್ಪು ಗಿಡ್ಡ, ಹೊಟ್ಟೆಯ ತುದಿ ಹೊರಗೆ ಕಾಣುತ್ತದೆ. ಇದರ ದೊಡ್ಡ ನೆಂಟ ಕ್ಯಾರಿಡಾನ್ ಸೆರಾಟಸ್ ಶೇಂಗಾ ಕಾಯಿಗೂ ಹುಣಸೆಗೂ ಬೀಳುತ್ತದೆ. ಚಳ್ಳಕೆರೆ ಕಡೆಯ ಶೇಂಗಾದವರು ಕಾಯಿಯ ಹೊರಗೆ ಕಾಗದದಂಥ ಬಿಳಿ ಗೂಡು ಅಂಟಿದೆಯಾ ನೋಡಿ. ಇದ್ದರೆ ಅದು ಇದೇ.

6. ಫೋಟೋ, ಟಿಪ್ಪಣಿ

ಬೆನ್ನಿನಿಂದ ಒಂದು, ಪಕ್ಕದಿಂದ ಒಂದು, ಮುಖ ಮತ್ತು ಮೀಸೆಗೆ ಒಂದು, ಕಡಿತಕ್ಕೆ ಒಂದು, ಇಡೀ ಗಿಡಕ್ಕೆ ಒಂದು. ಹುಳದ ಪಕ್ಕ ಸ್ಕೇಲ್ ಇಟ್ಟು ಒಂದು. ಫ್ಲ್ಯಾಶ್ ಹಾಕಬೇಡಿ, ಚಿಪ್ಪು ಮಿನುಗಿ ಗುರುತೇ ಕಾಣುವುದಿಲ್ಲ. ಛತ್ರಿಯ ನೆರಳಲ್ಲಿ ತೆಗೆಯಿರಿ. ತಾರೀಖು, ಊರು, ಗಿಡ, ಎಷ್ಟು ಹುಳ ಇದ್ದವು, ತಿನ್ನುತ್ತಿತ್ತೋ ಕೂತಿತ್ತೋ, ಇಷ್ಟು ಅಲ್ಲೇ ಬರೆಯಿರಿ. ಮನೆಗೆ ಬಂದು ಬರೆಯುತ್ತೇನೆ ಅಂದರೆ ಮರೆಯುತ್ತದೆ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್ ತಾಣಗಳಿಗೆ ಹಾಕಿದರೆ ಬಲ್ಲವರು ನೋಡುತ್ತಾರೆ.

ಎಲ್ಲ ಜಾತಿಯೂ ಫೋಟೋದಿಂದ ಗುರುತಾಗುವುದಿಲ್ಲ. ಚಿಮ್ಮು ದುಂಬಿಗಳಲ್ಲಿ ಎಷ್ಟೋ ಜಾತಿಗಳನ್ನು ಒಳಗಿನ ಅಂಗ ಬಿಡಿಸಿ ನೋಡಿಯೇ ತಜ್ಞರು ಬೇರ್ಪಡಿಸುತ್ತಾರೆ. ಹಾಗಿದ್ದಾಗ ಗುಂಪಿನ ಹೆಸರಿಗೇ ನಿಲ್ಲಿಸಿ. ಗೊತ್ತಿಲ್ಲದ ಜಾತಿಯ ಹೆಸರು ಅಂಟಿಸುವುದು ಬೇಡ.

7. ಸಾಕಿ ನೋಡಿ

ಮಕ್ಕಳಿಗೆ ಅಲಸಂದೆ ಕಾಳಿಗಿಂತ ಸುಲಭದ್ದು ಇಲ್ಲ. ಹುಳ ಬಿದ್ದ ಕಾಳಿನಿಂದ ನಾಲ್ಕೈದು ದುಂಬಿ ತೆಗೆದು, ಒಂದು ಹಿಡಿ ಒಳ್ಳೆಯ ಅಲಸಂದೆಯ ಜೊತೆ ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆಯನ್ನು ಎರಡು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿ. ದೊಡ್ಡ ದುಂಬಿಗೆ ಊಟ ಬೇಡ. ಒಂದೆರಡು ದಿನದಲ್ಲಿ ಕಾಳಿನ ಸಿಪ್ಪೆ ಮೇಲೆ ಮೊಟ್ಟೆ ಅಂಟಿರುತ್ತದೆ, ನೀರಿನ ಹನಿಯಂತೆ ತೆಳ್ಳಗೆ. ಮರಿ ಹುಟ್ಟಿ ನೇರ ಕಾಳಿನೊಳಗೆ ಕೊರೆಯುತ್ತದೆ, ಕೊರೆದ ಪುಡಿ ಖಾಲಿ ಮೊಟ್ಟೆಯಲ್ಲಿ ತುಂಬಿ ಅದು ಬೆಳ್ಳಗಾಗುತ್ತದೆ. ಬೆಳ್ಳಗಾದರೆ ಮರಿ ಒಳಗೆ ಹೋಯಿತು ಅಂತ ಅರ್ಥ. ಇನ್ನು ಹೊರಗೆ ಬರುವ ಮುಂಚೆ ಕಾಳಿನ ಮೇಲೆ ದುಂಡು ಕಿಟಕಿಯಂಥ ಕಲೆ ಕಾಣುತ್ತದೆ. ಒಟ್ಟು ಮೂರು ನಾಲ್ಕು ವಾರ. ಬಾಟಲಿಯನ್ನು ಅಡುಗೆಮನೆಯಿಂದ ದೂರ ಇಡಿ. ಮುಗಿದ ಮೇಲೆ ಇಡೀ ಬಾಟಲಿಯನ್ನು ಒಂದು ವಾರ ಫ್ರೀಜರ್‌ನಲ್ಲಿ ಇಟ್ಟು ಆಮೇಲೆ ಚೆಲ್ಲಿ.

ಆಮೆ ದುಂಬಿಯ ಮರಿ ಸಾಕುವುದಾದರೆ ದಿನಾ ತಾಜಾ ಗೆಣಸಿನೆಲೆ ಕೊಡಿ, ತೊಟ್ಟಿಗೆ ಒದ್ದೆ ಹತ್ತಿ ಸುತ್ತಿ. ಡಬ್ಬಿಯೊಳಗೆ ಬೆವರು ಹನಿ ಕಟ್ಟಿದರೆ ಬೂಸಲು ಬಂದು ಮರಿ ಸಾಯುತ್ತದೆ, ಅದಕ್ಕೇ ಮುಚ್ಚಳದ ಬದಲು ಬಟ್ಟೆ. ಇದು ಎಲೆ ಮೇಲೇ ಕೋಶ ಕಟ್ಟುತ್ತದೆ. ಆದರೆ ಕುಂಬಳದ ದುಂಬಿ, ಪಾರ್ಥೇನಿಯಂ ದುಂಬಿಗಳಿಗೆ ಎರಡು ಮೂರು ಇಂಚು ಹಸಿ ಮಣ್ಣು ಬೇಕೇ ಬೇಕು. ಮಣ್ಣು ಹಾಕದೆ ಬೆಳೆದ ಮರಿಗಳೆಲ್ಲ ಸತ್ತವು ಅಂತ ಬರೆದವರು ಹಲವರು. ಕೋಶವಾಗಲು ಅವಕ್ಕೆ ಜಾಗವೇ ಇರಲಿಲ್ಲ.

ಪಾರ್ಥೇನಿಯಂ ದುಂಬಿಯನ್ನು ಮಕ್ಕಳ ಕೈಯಲ್ಲಿ ಸಾಕಿಸುವುದು ಬೇಡ. ಆ ಗಿಡದಿಂದ ಚರ್ಮದ ತುರಿಕೆ, ಉಬ್ಬಸ ಬರುತ್ತದೆ. ದೊಡ್ಡವರೂ ಕೈಗವಸು, ಮಾಸ್ಕ್ ಇಲ್ಲದೆ ಮುಟ್ಟಬೇಡಿ.

8. ಈಗ ಆ ಪ್ರಶ್ನೆ: ಔಷಧಿ ಹೊಡೀಬೇಕಾ?

ಪಾರ್ಥೇನಿಯಂ ಮೇಲಿನ ದುಂಬಿಗೆ ಬೇಡವೇ ಬೇಡ, ಅದು ನಿಮ್ಮ ಕೆಲಸವನ್ನೇ ಮಾಡುತ್ತಿದೆ. ಎಕ್ಕೆ, ಜಾಲಿ ಮೇಲಿನವೂ ಸಾಮಾನ್ಯವಾಗಿ ನಿಮ್ಮ ಬೆಳೆಗೆ ಬರುವುದಿಲ್ಲ, ಬಿಟ್ಟುಬಿಡಿ. ಐಪೋಮಿಯಾ ಮೇಲಿನವನ್ನೂ ಹತ್ತಿರದಲ್ಲಿ ಗೆಣಸು ಇಲ್ಲದಿದ್ದರೆ ಬಿಟ್ಟುಬಿಡಿ.

ಕುಂಬಳದ ಕೆಂಪು ದುಂಬಿ ಅಪಾಯ ಮಾಡುವುದು ಮುಖ್ಯವಾಗಿ ಬೀಜ ಮೊಳೆತು ಎರಡರಿಂದ ನಾಲ್ಕು ಎಲೆ ಇರುವಾಗ. ಆ ದಿನಗಳಲ್ಲಿ ಬೆಳಿಗ್ಗೆ ಹೋಗಿ ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕಿ. ಇಬ್ಬನಿ ಇರುವಾಗಲೇ ಒಲೆ ಬೂದಿ ಉದುರಿಸಿ. ಬಳ್ಳಿ ಹಬ್ಬಿದ ಮೇಲೆ ನಾಲ್ಕು ತೂತು ಬಿದ್ದರೆ ಚಿಂತೆ ಇಲ್ಲ. ಹೂ ಬಿಟ್ಟಾಗಲಂತೂ ಔಷಧಿ ಹೊಡೆಯಬೇಡಿ, ಜೇನು ಸತ್ತರೆ ಕಾಯಿಯೇ ಕಚ್ಚುವುದಿಲ್ಲ. ಬೆಳೆ ಮುಗಿದ ಕೂಡಲೇ ನೆಲ ಉಳುಮೆ ಮಾಡಿದರೆ ಮಣ್ಣೊಳಗಿನ ಮರಿ, ಕೋಶಗಳು ಮೇಲೆ ಬಂದು ಬಿಸಿಲಿಗೂ ಕೊಕ್ಕರೆ, ಗೊರವಂಕಗಳಿಗೂ ಸಿಗುತ್ತವೆ.

ಭತ್ತದ ಹಿಸ್ಪ ಎಲೆಯ ತುದಿ ಭಾಗದಲ್ಲಿ ಮೊಟ್ಟೆ ಇಡುತ್ತದೆ. ಸಸಿ ಮಡಿಯಲ್ಲಿ ಹುಳ ಕಂಡಿದ್ದರೆ ನಾಟಿಗೆ ಮೊದಲು ಸಸಿಯ ತುದಿ ಕತ್ತರಿಸಿ ದೂರ ಹಾಕಿ. ಯೂರಿಯಾ ಜಾಸ್ತಿ ಕೊಟ್ಟ ಗದ್ದೆಗೆ ಈ ಹುಳ ಹೆಚ್ಚು ಬರುತ್ತದೆ.

ಕಾಳಿಗೆ, ಚೆನ್ನಾಗಿ ಬಿಸಿಲಲ್ಲಿ ಒಣಗಿಸಿ, ಒಂದು ಕಿಲೋಗೆ 5 ಮಿಲಿ ಲೀಟರ್ ಲೆಕ್ಕದಲ್ಲಿ ಅಡುಗೆ ಎಣ್ಣೆ ಸವರಿ, ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಎಣ್ಣೆಯ ಪದರ ಇದ್ದರೆ ಮೊಟ್ಟೆ ಬದುಕುವುದಿಲ್ಲ. ನಮ್ಮ ಅಜ್ಜಿಯರು ತೊಗರಿಗೆ ಕೆಮ್ಮಣ್ಣು ಕಟ್ಟುತ್ತಿದ್ದದ್ದೂ ಹುಳ ಬೀಳಬಾರದು ಅಂತಲೇ. ಶೇಂಗಾ ಕಾಯಿ ಮತ್ತು ಹುಣಸೆಯನ್ನು ಒಂದೇ ಕೋಣೆಯಲ್ಲಿ ಇಡಬೇಡಿ.

ಇಷ್ಟಕ್ಕೂ ಹತೋಟಿಗೆ ಬರದಿದ್ದರೆ ಅಂಗಡಿಗೆ ಹೋಗಿ "ಹುಳಕ್ಕೆ ಏನಾದ್ರೂ ಕೊಡಿ" ಅನ್ನಬೇಡಿ. ಹುಳವನ್ನೂ ಅದು ತಿಂದ ಎಲೆಯನ್ನೂ ಡಬ್ಬಿಯಲ್ಲಿ ಹಾಕಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ದಾವಣಗೆರೆಯವರಿಗೆ ತರಳಬಾಳು ಕೇಂದ್ರ ಇದೆ, ಚಿತ್ರದುರ್ಗ ಜಿಲ್ಲೆಯವರಿಗೆ ಹಿರಿಯೂರಿನ ಬಬ್ಬೂರು ಫಾರಂ ಇದೆ. ನನಗೆ ಬರೆಯುವುದಾದರೂ ಅಂಗೈ ಮೇಲಿನ ಫೋಟೋ ಬೇಡ. ಎಲೆ ಮೇಲಿರುವಾಗಲೇ ತೆಗೆದು, ಗಿಡದ ಹೆಸರು ಬರೆದು ಕಳಿಸಿ.